ಅಡುಗೆಮನೆಯಲ್ಲಿ ತೆರೆಯುವ ಪುಟ

ಓದುವಂಥ ಬ್ಲಾಗುಗಳು, ಜಾಲತಾಣಗಳು ಯಾವುವು ಎಂದು ಹೊರಗಿನವರು ಬಂದು ಕೇಳಿದರೆ ನಮ್ಮ ಊರಿನವರು ಹೆಸರು ಹೇಳುವುದಿಲ್ಲ, ದಾರಿ ಹೇಳುತ್ತಾರೆ. ಸಂಗೀತದ ಬಗ್ಗೆ ಬೇಕಿದ್ದರೆ ಹಿಟ್ಟಿನ ಗಿರಣಿಗೆ ಹೋಗಿ, ರಾಗಿ ಬೀಸುವ ಯಂತ್ರದ ಎಡಕ್ಕೆ ನಿಲ್ಲಿ. ಹಳೆಯ ಕಟ್ಟಡ, ಸೇತುವೆ, ಬೀದಿಗಳ ಬಗ್ಗೆ ಬರೆಯುವ ತಾಣ ಬೇಕೆಂದರೆ ಚೌರದಂಗಡಿಯ ಗೋಡೆ ಕಡೆಯ ಕುರ್ಚಿ. ಆದರೆ ಆ ಕುರ್ಚಿಯಲ್ಲಿ ಕೂತ ಮೇಲೆ ಕೂದಲು ತೆಗೆಸಿಕೊಳ್ಳಲೇಬೇಕು, ಸುಮ್ಮನೆ ಕೂರಲು ಅಂಗಡಿಯವನು ಬಿಡುವುದಿಲ್ಲ. ಹಾಗಾಗಿ ನಮ್ಮ ಊರಿನಲ್ಲಿ ಕಟ್ಟಡಗಳ ವಿಷಯ ಚೆನ್ನಾಗಿ ಓದಿಕೊಂಡವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಸಾವಿನ ಬಗ್ಗೆ, ಸತ್ತವರು ಬಿಟ್ಟುಹೋದ ಚಪ್ಪಲಿ ಕನ್ನಡಕಗಳ ಬಗ್ಗೆ ಒಬ್ಬಾಕೆ ಬರೆಯುತ್ತಾಳಂತೆ; ಅದು ಬಾಳೆಕಾಯಿ ಮಂಡಿಯಲ್ಲಿ, ಕಾಯಿ ಹಣ್ಣಾಗಲೆಂದು ಹೊಗೆ ಹಾಕುವ ಕೋಣೆಯ ಹೊಸ್ತಿಲ ಮೇಲೆ ತೆರೆಯುತ್ತದೆ. ಅಲ್ಲಿ ಓದಿ ಬಂದವರ ಬಟ್ಟೆ ಸಂಜೆಯವರೆಗೆ ಹೊಗೆ ವಾಸನೆ ಹೊಡೆಯುತ್ತದೆ, ಮನೆಯವರು ಅವರನ್ನು ಅವತ್ತು ಹೆಚ್ಚು ಮಾತನಾಡಿಸುವುದಿಲ್ಲ.

ಫೋನು ಎಲ್ಲರ ಕೈಯಲ್ಲೂ ಇದೆ. ಬ್ಯಾಂಕು, ಹವಾಮಾನ, ಕ್ರಿಕೆಟ್ಟು, ಮದುವೆ ಸಂಬಂಧ ಹುಡುಕಿಕೊಡುವವರು, ಇವೆಲ್ಲ ಎಲ್ಲಿ ನಿಂತರೂ ತೆರೆಯುತ್ತವೆ. ಎಲ್ಲೆಂದರಲ್ಲಿ ತೆರೆಯುವುದನ್ನು ಓದುವುದೇನು ಬಂತು ಎನ್ನುವುದು ನಮ್ಮ ಹಿರಿಯರ ಮಾತು. ಓದುವಂಥದ್ದಕ್ಕೆ ಜಾಗ ಇರುತ್ತದೆ, ಆ ಜಾಗದಲ್ಲಿ ಮಾತ್ರ ಇರುತ್ತದೆ.

ಪುಟ ಯಾರ ಜಾಗದಲ್ಲಿ ತೆರೆಯುತ್ತದೋ ಅವರನ್ನು ಜಾಗದವರು ಎನ್ನುತ್ತೇವೆ. ಜಾಗದವರು ತಮ್ಮಲ್ಲಿ ತೆರೆಯುವ ಪುಟವನ್ನು ಓದುವ ಹಾಗಿಲ್ಲ. ಬಡಿಸುವವರು ಪಂಕ್ತಿಯಲ್ಲಿ ಕೂರುವುದಿಲ್ಲವಲ್ಲ, ಹಾಗೆ. ಓದಲು ಬಂದವರೂ ಅಲ್ಲಿ ಬಾಯಿಬಿಟ್ಟು ಓದುವುದಿಲ್ಲ, ಕಣ್ಣಲ್ಲೇ ಓದಿಕೊಂಡು ಎದ್ದುಹೋಗುತ್ತಾರೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಗಿರಣಿಗೆ ಹೋಗುವವರು ಬೀಸಲು ಏನಾದರೂ ಒಯ್ಯುತ್ತಾರೆ, ಮಂಡಿಗೆ ಹೋಗುವವರು ಬರುವಾಗ ಒಂದು ಚಿಪ್ಪು ಹಣ್ಣು ಕೊಳ್ಳುತ್ತಾರೆ. ನಮ್ಮ ಮನೆಗೆ ಬರುವವರು ತರಕಾರಿ ತರುತ್ತಿದ್ದರು, ಯಾಕೆಂದರೆ ನಮ್ಮಲ್ಲಿ ಪುಟ ತೆರೆಯುತ್ತಿದ್ದದ್ದು ಅಡುಗೆಮನೆಯಲ್ಲಿ.

ಆ ಪುಟದ ಹೆಸರು ‘ಸುಮ್ಮನೆ ನೋಡಿದ್ದು’. ಬರೆಯುವವರು ಗಂಡಸೋ ಹೆಂಗಸೋ, ಯಾವ ಊರಿನವರೋ ಯಾರಿಗೂ ಗೊತ್ತಿಲ್ಲ. ಚಿತ್ರಗಳ ಬಗ್ಗೆ ಬರೆಯುತ್ತಾರೆ, ಚಿತ್ರ ನೋಡಿ ಮನೆಗೆ ಬಂದ ಮೇಲೆ ಮನೆ ಹೇಗೆ ಕಾಣಿಸಿತು ಎನ್ನುವುದರ ಬಗ್ಗೆ ಬರೆಯುತ್ತಾರೆ ಎಂದು ಓದುಗರ ಮುಖ ನೋಡಿ, ಅವರ ಬಾಯಿಂದ ಜಾರಿದ ಅರ್ಧ ಮಾತು ಕೇಳಿ ನಾನು ಊಹಿಸಿಕೊಂಡಿದ್ದೆ. ನಾನು ಈ ಮನೆಗೆ ಮದುವೆಯಾಗಿ ಬಂದ ವಾರ ಅದು ಮೊದಲು ತೆರೆದುಕೊಂಡಿತು. ಮದುವೆಗೆ ಬರಲಾಗದಿದ್ದ ಡ್ರಾಯಿಂಗ್ ಮೇಷ್ಟ್ರು ಚಿಕ್ಕವೀರಯ್ಯನವರು ಒಬ್ಬಟ್ಟು ತಿನ್ನಲು ಬಂದಿದ್ದರು. ಅಡುಗೆಮನೆಯಲ್ಲೇ ಮಣೆ ಹಾಕಿ ಕೂರಿಸಿದ್ದೆವು. ಅವರು ಫೋನು ತೆಗೆದು ನೋಡಿ, ಬಾಯಲ್ಲಿದ್ದ ಒಬ್ಬಟ್ಟು ನುಂಗುವುದನ್ನೂ ಮರೆತು, “ಪುಟ್ಟನಂಜಮ್ಮಾ, ನಿಮ್ಮನೇಲಿ ಪುಟ ಬಂದಿದೆ!” ಎಂದು ನನ್ನ ಅತ್ತೆಗೆ ಕೂಗಿ ಹೇಳಿದರು. ಅದೇ ವಾರ ನನ್ನ ಅತ್ತೆ ಒರಳುಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ್ದರು. ಒರಳಿನ ಮೂಲೆಗೆ ಬಂದಿದೆ ಪುಟ, ಕಲ್ಲಿನ ಗುಣ ಎಂದು ಅತ್ತೆ ಬೀದಿಗೆಲ್ಲ ಹೇಳಿದರು. ಬೀದಿ ಒಪ್ಪಿಕೊಂಡಿತು.

ಓದುಗರು ಬರಲು ಶುರುವಾದ ಮೇಲೆ ಅಡುಗೆಮನೆಯ ಬಾಗಿಲನ್ನು ಕೀಲಿನಿಂದ ಎತ್ತಿ, ಎರಡು ಕಡೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಮಲಗಿಸಿದರು. ಒಲೆಯ ಎದುರು ಗೋಡೆಗೆ ಅದೇ ಬೆಂಚು. ಬಾಗಿಲಿನ ಚಿಲಕ ಹಾಗೇ ಇತ್ತು. ಕೂತವರ ಸೀರೆಗೋ ಪಂಚೆಗೋ ಸಿಕ್ಕಿಕೊಳ್ಳುತ್ತಿತ್ತು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ದೇವೇಂದ್ರ ಓದುವಾಗ ಯೋಚನೆಯಿಲ್ಲದೆ ಆ ಚಿಲಕವನ್ನು ಹಾಕಿ ತೆಗೆದು ಮಾಡುತ್ತಿದ್ದ. ಆ ಸದ್ದಿಗೆ ನಾನು ಪ್ರತಿ ಸಲ ತಿರುಗಿ ನೋಡುತ್ತಿದ್ದೆ, ಯಾರೋ ಬಾಗಿಲು ಹಾಕಿದರೇನೋ ಎಂದು.

ನಾನು ಕಾಲೇಜು ಓದಿದವಳು. ಯಾವುದನ್ನು ಏನೆಂದು ಕರೆಯಬೇಕು ಎಂದು ಸ್ವಲ್ಪ ಯೋಚಿಸುತ್ತೇನೆ. ಆ ಅಡುಗೆಮನೆಯಲ್ಲಿ ನನಗಿದ್ದದ್ದನ್ನು ಹೆದರಿಕೆ ಎನ್ನಲಾರೆ, ಎಚ್ಚರ ಎನ್ನಬಹುದು. ನಾನು ಸೌಟು ಕೆಳಗಿಡುವಾಗ ಸದ್ದು ಮಾಡುತ್ತಿರಲಿಲ್ಲ. ಬಾಣಲೆಯ ಎಣ್ಣೆ ಸಿಡಿದರೆ ಅಯ್ಯೋ ಎನ್ನುತ್ತಿರಲಿಲ್ಲ. ಗಂಡನ ಮೇಲೆ ಸಿಟ್ಟು ಬಂದರೆ ಅಂಗಳಕ್ಕೆ ಹೋಗಿ ಬರುತ್ತಿದ್ದೆ. ಅಳು ಬಂದರೆ ಈರುಳ್ಳಿ ಹೆಚ್ಚುತ್ತಿದ್ದೆ, ನಮ್ಮ ಮನೆಯ ಸಾರಿನಲ್ಲಿ ಕೆಲವು ವಾರ ಈರುಳ್ಳಿ ಹೆಚ್ಚಿರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟರೆ ಅದು ಏರುವ ಮೊದಲೇ ನನ್ನ ಕೈ ಹೋಗಿ ಉರಿ ಆರಿಸುತ್ತಿತ್ತು. ನನ್ನ ಒಲೆಯ ಮೇಲೆ ಹಾಲು ಒಂದು ಸಲವೂ ಉಕ್ಕಿರಲಿಲ್ಲ. ಓದುಗರು ತಲೆಯೆತ್ತಿ ನನ್ನ ಕಡೆ ನೋಡಿದರೆ, ಪುಟದಲ್ಲಿ ನನ್ನ ಬಗ್ಗೆಯೇ ಏನಾದರೂ ಬರೆದಿದೆಯೋ ಎನಿಸುತ್ತಿತ್ತು. ಕೇಳುವ ಹಾಗಿರಲಿಲ್ಲ.

ಹೆಚ್ಚು ನೋಡುತ್ತಿದ್ದವಳು ಜೈಬುನ್ನಿಸಾ. ಬ್ಲೌಸು ಹೊಲಿಯುತ್ತಿದ್ದಳು, ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು. ಗುರುವಾರ ಬರುತ್ತಿದ್ದಳು, ಬದನೆಕಾಯಿ ತರುತ್ತಿದ್ದಳು, ಹಾಗಾಗಿ ಗುರುವಾರ ನಮ್ಮಲ್ಲಿ ಎಣ್ಣೆಗಾಯಿ. ಮೇಷ್ಟ್ರು ಓದಿ ನಿಟ್ಟುಸಿರು ಬಿಡುತ್ತಿದ್ದರು, ದೇವೇಂದ್ರ ಓದಿ ಕೊಸರಾಡುತ್ತಿದ್ದ. ಅವಳು ಮಾತ್ರ ಓದಿ ಮುಗಿಸಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿ, ನನ್ನ ಅಡುಗೆಮನೆಯನ್ನು ಮೊದಲ ಸಲ ನೋಡುವವಳ ಹಾಗೆ ಒಂದು ಸುತ್ತು ನೋಡುತ್ತಿದ್ದಳು. ಒಂದು ದಿನ ಬಾಯಿ ತಪ್ಪಿ, “ನೀಲಿ ಅಂದ್ರೆ ಇಷ್ಟೊಂದು ಐತಾ ಅಮ್ಮಾ?” ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಎದ್ದು ಹೋದಳು. ಅವತ್ತು ನಾನು ಇಡೀ ದಿನ ಮನೆಯಲ್ಲಿ ನೀಲಿ ಬಣ್ಣದ್ದು ಏನೇನಿದೆ ಎಂದು ಹುಡುಕಿದೆ. ಒಲೆಯ ಉರಿಯ ಬುಡ, ಸೋಪಿನ ಡಬ್ಬಿ, ಅತ್ತೆಯ ಮುಂಗೈ ನರ.

ನನ್ನ ಗಂಡನಿಗೆ ಊರಾಚೆಯ ಹೊಸ ಪಂಪ್‌ಹೌಸಿನಲ್ಲಿ ಕೆಲಸವಾಯಿತು. ಊರಿಗೆ ನೀರು ಬಿಡುವುದು ನಸುಕಿನಲ್ಲಿ, ಹಾಗಾಗಿ ಅಲ್ಲೇ ಕ್ವಾರ್ಟರ್ಸ್ ಕೊಡುತ್ತೇವೆ ಎಂದರು. ನಾನು ಅದನ್ನು ನೋಡಲು ಅವರ ಜೊತೆ ಹೋದೆ. ಒಂದು ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ. ಅಡುಗೆಮನೆಗೆ ಬಾಗಿಲಿತ್ತು. ಹಸಿರು ಬಣ್ಣ ಹೊಡೆದ ಮರದ ಬಾಗಿಲು, ಒಳಗಿನಿಂದ ಚಿಲಕ. ನಾನು ಒಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡು ನಿಂತೆ. ಹೊರಗಿನಿಂದ ಗಂಡ, “ಏನ್ ಮಾಡ್ತಿದೀಯಾ?” ಎಂದರು. ಏನೂ ಇಲ್ಲ ಎಂದೆ. ನಿಜಕ್ಕೂ ಏನೂ ಮಾಡುತ್ತಿರಲಿಲ್ಲ. ಆ ಮನೆ ಬೇಕೆನಿಸಿದಷ್ಟು ಸ್ಪಷ್ಟವಾಗಿ ನನಗೆ ಬೇರೆ ಯಾವುದೂ ಬೇಕೆನಿಸಿದ್ದು ನೆನಪಿಲ್ಲ.

ಅತ್ತೆಯ ಹತ್ತಿರ ಮಾತೆತ್ತಿದಾಗ ಅವರು ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರೂ ದೇವೇಂದ್ರನೂ ಬೆಂಚಿನ ಮೇಲಿದ್ದರು. ನನ್ನ ಗಂಡ ಅದನ್ನು ಗಮನಿಸದೆ ಹೇಳಿಬಿಟ್ಟರು.

“ಪುಟ ಇರೋ ಮನೆ ಬಿಟ್ಟು ಹೋಯ್ತಾರಾ ಯಾರಾದ್ರೂ?” ಎಂದ ದೇವೇಂದ್ರ, ಫೋನಿನಿಂದ ಕಣ್ಣು ತೆಗೆಯದೆ.

“ನೀನು ಪುಟ ನೋಡ್ಕಳಪ್ಪ, ನನ್ನ ಮಗನ್ನ ಆಮೇಲೆ ನೋಡಿಯಂತೆ,” ಎಂದರು ಅತ್ತೆ. ನಂತರ ನನ್ನ ಕಡೆ ತಿರುಗಿ, “ನಿನ್ನ ತಂಗಿಗೆ ದಿನ ತುಂಬೈತಲ್ಲವ್ವ. ಮೊದ್ಲು ಹೋಗಿ ಅವಳ ಬಾಣಂತನ ಮುಗಿಸ್ಕೊಂಡು ಬಾ. ಮನೆ ಎಲ್ಲಿಗೂ ಓಡೋಗಕಿಲ್ಲ,” ಎಂದರು. ಅವರು ಬೇಡ ಎನ್ನಲಿಲ್ಲ. ಆದರೆ ಮುಂದೂಡಿದ ಮಾತು ಬೇಡ ಎಂಬ ಮಾತೇ ಎಂದು ನಾನು ಅಂದುಕೊಂಡೆ.

ನಾನು ತವರಿಗೆ ಹೋದಾಗಲೆಲ್ಲ ಅತ್ತೆ ಓದುಗರನ್ನು ಏನಾದರೊಂದು ನೆಪ ಹೇಳಿ ಬಾಗಿಲಿನಿಂದಲೇ ಕಳಿಸುತ್ತಿದ್ದರು. ಸುಣ್ಣ ಹೊಡೀತಾ ಅವ್ರೆ, ಸೂತಕ ಐತೆ, ಸೊಸೆ ಇಲ್ಲ, ನನ್ನ ಕೈಲಿ ಬಂದೋರ್ನ ನೋಡ್ಕೊಳ್ಳಾಕೆ ಆಗಕಿಲ್ಲ. ಎರಡು ಮೂರು ದಿನಕ್ಕೆ ಅದು ನಡೆಯುತ್ತಿತ್ತು. ಬಾಣಂತನ ಅಷ್ಟರಲ್ಲಿ ಮುಗಿಯುವ ಕೆಲಸವಲ್ಲ. ತಂಗಿಯ ಮಗುವಿಗೆ ನೀರು ಹಾಕಿ, ಬಾಣಂತಿಗೆ ಮೆಣಸಿನ ಸಾರು ಮಾಡಿ ನಾನು ಹಿಂದಿರುಗುವ ಹೊತ್ತಿಗೆ ಬಸ್ ನಿಲ್ದಾಣದಲ್ಲೇ ಸುದ್ದಿ ಸಿಕ್ಕಿತು. ನಿಮ್ಮನೆ ಪುಟ ಮುಚ್ಚೋಗಿದೆಯಂತೆ, ನಿಮ್ಮತ್ತೆ ಅಡುಗೆಮನೆ ಸಾಮಾನೆಲ್ಲ ಆ ಕಡೆ ಈ ಕಡೆ ಮಾಡಿದ್ರಂತೆ ಎಂದು ಹೂವಿನವಳು ಹೇಳಿದಳು.

ಮನೆ ಸೇರಿದಾಗ ಅಂಗಳದ ತುಂಬ ಚಪ್ಪಲಿ. ಅಡುಗೆಮನೆಯಲ್ಲಿ ಊರಿನ ಓದುಗರೆಲ್ಲ ನೆರೆದು ನನ್ನ ಅಡುಗೆಮನೆಯನ್ನು ಮೊದಲಿದ್ದ ಹಾಗೆ ಜೋಡಿಸುತ್ತಿದ್ದರು. ಯಾರಿಗೂ ಅದು ಮೊದಲು ಹೇಗಿತ್ತು ಎನ್ನುವುದು ಸರಿಯಾಗಿ ನೆನಪಿರಲಿಲ್ಲ. ಇಷ್ಟು ವರ್ಷ ಅವರು ಫೋನು ನೋಡುತ್ತಿದ್ದರೇ ಹೊರತು ಅಡುಗೆಮನೆಯನ್ನಲ್ಲ.

“ಮಜ್ಜಿಗೆ ಗಡಿಗೆ ಕಿಟಕಿ ಕೆಳಗಿತ್ತು, ನಾನು ಬಲ್ಲೆ,” ಎಂದರು ಮೇಷ್ಟ್ರು. ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕುತ್ತಿದ್ದರು.

“ಎಲ್ಲಿ ಕಿಟಕಿ ಕೆಳಗೆ? ಅಕ್ಕಿ ಡಬ್ಬದ ಪಕ್ಕ ಸಾರ್. ನಾನು ದಿನಾ ಅದಕ್ಕೇ ಕಾಲು ತಾಗಿಸ್ಕೊಂತಿದ್ದೆ,” ಎಂದ ದೇವೇಂದ್ರ.

“ನಿನ್ನ ಕಾಲು ಎಲ್ಲೆಲ್ಲಿ ತಾಗುತ್ತೋ ಯಾರಿಗಪ್ಪ ಗೊತ್ತು.”

ಅತ್ತೆ ಒರಳಿನ ಪಕ್ಕ ಮಣೆ ಹಾಕಿಕೊಂಡು, ಯಾರದೋ ಮನೆಯ ಜಗಳ ನೋಡುವ ಹಾಗೆ ಕೂತಿದ್ದರು. “ನಾನೇ ಎತ್ತಿಟ್ಟೆ ಕಣಪ್ಪ ಗಡಿಗೆಯ. ನನ್ನ ಮನೆ ಗಡಿಗೆ, ನನ್ನ ಕೈ. ಪೋಲೀಸ್ ಕರೀತೀರಾ?” ಎಂದರು. ಯಾರೋ ಹಿಂದಿನಿಂದ, ವಯಸ್ಸಾದ ಮೇಲೆ ಕೈ ಸುಮ್ನಿರಲ್ಲ ಎಂದರು. ಅತ್ತೆ ಅದನ್ನು ಕೇಳಿಸಿಕೊಂಡರು, ಉತ್ತರ ಕೊಡಲಿಲ್ಲ. ಅದು ಅವರ ಸ್ವಭಾವವಲ್ಲ, ಅದನ್ನು ನಾನು ಗಮನಿಸಿದೆ. ಜೈಬುನ್ನಿಸಾ ಬೆಂಚಿನ ತುದಿಯಲ್ಲಿ ಬದನೆಕಾಯಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಯಾವ ವಾದಕ್ಕೂ ಸೇರಿರಲಿಲ್ಲ. ಮುಖ ಸಣ್ಣದಾಗಿತ್ತು.

ನಾನು ಬ್ಯಾಗನ್ನು ಹೊಸ್ತಿಲ ಆಚೆ ಇಟ್ಟು ಒಳಗೆ ಕಾಲಿಟ್ಟೆ. ಅದೇ ಹೊತ್ತಿಗೆ ಮೇಷ್ಟ್ರು ಗಡಿಗೆಯ ಬಾಯನ್ನು ಮೂಡಣ ದಿಕ್ಕಿಗೆ ತಿರುಗಿಸಿದರು. “ಬಂತು!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಎಲ್ಲರ ಮುಖಕ್ಕೂ ಫೋನಿನ ಬೆಳಕು ಬಿತ್ತು. ಮೇಷ್ಟ್ರು ಗಡಿಗೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡರು. “ದಿಕ್ಕು! ಜಾಗ ಅಷ್ಟೇ ಅಲ್ಲ, ದಿಕ್ಕೂ ಮುಖ್ಯ!” ಎಂದರು. ಅವರು ಆಮೇಲೆ ಬಹಳ ದಿನ ಅದನ್ನೇ ಹೇಳಿಕೊಂಡು ತಿರುಗಿದರು.

ಬಸ್ಸಿನ ಧೂಳು ತೊಳೆದುಕೊಳ್ಳಲು ನಾನು ಹಿತ್ತಲಿನ ನಲ್ಲಿಗೆ ಹೋದೆ. ಒಳಗಿನಿಂದ, “ಅಯ್ಯೋ, ಹೋಯ್ತು,” ಎಂಬ ದನಿ ಬಂತು. ಕಾಲು ತೊಳೆದು ಒಳಗೆ ಬಂದೆ. “ಬಂತು, ಬಂತು. ಗಾಳಿಗೆ ಹಂಗೆ ಆಗ್ತದೆ.” ಗಾಳಿಗೆ ಹಾಗಾಗುತ್ತದೆ, ಹೊಗೆಗೆ ಹಾಗಾಗುತ್ತದೆ ಎಂದು ಅವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದರು, ನಾನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೆ. ಅವತ್ತು ಮೊದಲ ಸಲ ನನ್ನ ಕಾಲು ಹೊಸ್ತಿಲ ಮೇಲೇ ನಿಂತಿತು. ಸುಮ್ಮನೆ, ಒಣಗಿದ ಬಟ್ಟೆ ತರುವವಳ ಹಾಗೆ ಮತ್ತೆ ಹಿತ್ತಲಿಗೆ ಹೋದೆ. ಒಳಗೆ “ಹೋಯ್ತು” ಎಂದರು. ಬಟ್ಟೆ ತಂದೆ. “ಬಂತು” ಎಂದರು. ಕೈಯಲ್ಲಿದ್ದ ಬಟ್ಟೆ ಇನ್ನೂ ಒದ್ದೆಯಿತ್ತು. ಅದನ್ನು ಯಾರೂ ನೋಡಲಿಲ್ಲ ಎಂದುಕೊಂಡೆ.

ಮುಂದಿನ ಕೆಲವು ವಾರ ನಾನು ಇದನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿ ನೋಡಿದೆ. ಬೆಂಚಿನ ಹತ್ತಿರ ನಿಂತರೆ ಪುಟ ಇರುತ್ತಿತ್ತು. ಪಡಸಾಲೆಗೆ ಹೋದರೆ ಹೋಗುತ್ತಿತ್ತು. ಮೆಲ್ಲಗೆ ಆಡಿದ ಮಾತು ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರ ಅದು ಇರುತ್ತಿತ್ತು. ಗಡಿಗೆ ಯಾವ ದಿಕ್ಕಿಗಿದ್ದರೂ ಒಂದೇ. ಹಾಗಾದರೆ ಜಾಗ ಎನ್ನುವುದು ಒರಳಿನ ಮೂಲೆಯಲ್ಲ, ನಾನು. ಇದು ತಿಳಿದಾಗ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಮೊದಲು ನೆನಪಾದದ್ದು ಬಚ್ಚಲುಮನೆ. ಇದು ಊರಿಗೆ ತಿಳಿದರೆ ನಾನು ಬಚ್ಚಲಿಗೆ ಹೋದಾಗ ಹೊರಗೆ ಯಾರು ಯಾರು ನಿಂತಿರುತ್ತಾರೆ ಎಂದು ಯೋಚಿಸಿದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮಲಗುವ ಕೋಣೆಯ ಗೋಡೆಯಾಚೆ. ಒಳ್ಳೆಯ ಜನ, ಬರಿಗೈಯಲ್ಲಿ ಬರುವುದಿಲ್ಲ, ಕೈಯಲ್ಲಿ ಸೋರೆಕಾಯಿ ಹಿಡಿದುಕೊಂಡೇ ನಿಂತಿರುತ್ತಾರೆ.

ಹೇಳದೆ ಹೋಗಿಬಿಡಬಹುದಿತ್ತು. ಹಸಿರು ಬಾಗಿಲಿನ ಹಿಂದೆ ನನ್ನ ಜೊತೆಗೇ ಪುಟವೂ ಬರುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಯಾರಿಗೂ ಸಿಗುತ್ತಲೂ ಇರಲಿಲ್ಲ. ಆದರೆ ಬದನೆಕಾಯಿಯ ಚೀಲ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದ ಮುಖ ಕಣ್ಣಮುಂದೆ ಬರುತ್ತಿತ್ತು. ನಾನು ಕ್ವಾರ್ಟರ್ಸಿನ ಮಾತು ಎತ್ತುವುದನ್ನು ನಿಲ್ಲಿಸಿದೆ. ನನ್ನ ಗಂಡ ದಿನಾ ಕತ್ತಲಲ್ಲೇ ಎದ್ದು ಸೈಕಲ್ ಹೊಡೆಯುತ್ತಿದ್ದರು. ಕೀಲಿ ಕೊಡುತ್ತೇನೆ ಎಂದವರು ಬೇರೆಯವರಿಗೆ ಕೊಡಲೇ ಎಂದು ಕೇಳತೊಡಗಿದ್ದರು. ನಾನು ಅಡುಗೆಮನೆಯಲ್ಲೇ ಹೆಚ್ಚು ಹೊತ್ತು ಇರತೊಡಗಿದೆ, ಓದುವವರ ಓದು ಅರ್ಧಕ್ಕೆ ನಿಲ್ಲಬಾರದಲ್ಲ ಎಂದು. ನೀರಿಗೂ ಹೋಗದೆ ಕೂತಿರುತ್ತಿದ್ದೆ. ಒಂದು ಗಡಿಗೆ ಏನು ಮಾಡುತ್ತದೋ ಅದನ್ನೇ ಮಾಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ನನ್ನ ಗಂಡನಿಗೆ, “ಲೋ ಮಾದೇವು, ಕೀಲಿ ಇಸ್ಕೊಂಡು ಬಾ. ಈ ವಾರವೇ ಹೊರಡಿ,” ಎಂದರು.

ನನಗೆ ಕೇಳಿದ್ದು ನಿಜವೇ ಎನಿಸಿತು. “ಅತ್ತೆ, ಇಲ್ಲಿ ಪುಟ…” ಎಂದೆ.

“ಪುಟ ನನ್ನ ಮನೇದು. ನಾ ನೋಡ್ಕೊತೀನಿ. ನಿನಗ್ಯಾಕೆ?” ಎಂದರು, ಮುಖಕ್ಕೆ ಹೊಡೆದ ಹಾಗೆ.

ನಾವು ಹೊರಡುವ ದಿನ ಬೆಳಿಗ್ಗೆ ಅತ್ತೆ ಸುಣ್ಣ ಹೊಡೆಯುವವರನ್ನು ಕರೆಸಿದರು. ಗೋಡೆಗೆ ಸುಣ್ಣವಷ್ಟೇ ಅಲ್ಲ. ಗ್ಯಾಸ್ ಒಲೆಯನ್ನು ಪೂರ್ವದ ಗೋಡೆಯಿಂದ ಪಶ್ಚಿಮಕ್ಕೆ ಸರಿಸಿದರು, ಒರಳನ್ನು ಸನ್ನೆಗೋಲು ಹಾಕಿ ಎಬ್ಬಿಸಿ ಹಿತ್ತಲಿಗೆ ಉರುಳಿಸಿದರು, ಬೆಂಚಾಗಿದ್ದ ಬಾಗಿಲನ್ನು ಎತ್ತಿ ಮತ್ತೆ ಚೌಕಟ್ಟಿಗೆ ನಿಲ್ಲಿಸಿದರು. ನಾನು ಹಿತ್ತಲ ಬದಿ ನಿಂತಿದ್ದ ಆಟೋದಲ್ಲಿ ಟ್ರಂಕಿನ ಪಕ್ಕ ಕೂತು ನೋಡುತ್ತಿದ್ದೆ. ಹೋಗುವವಳ ಮೇಲೆ ಇಷ್ಟು ಸಿಟ್ಟೇ ಎನಿಸಿತು. ಮೇಷ್ಟ್ರು ಓಡಿ ಬಂದರು, ಅಂಗಿಯ ಗುಂಡಿ ಹಾಕಿರಲಿಲ್ಲ. “ಏನಮ್ಮಾ ಇದು? ನಿಮಗೆ ಬುದ್ಧಿ ಭ್ರಮಣೆಯೇ? ಒರಳನ್ನ ಎತ್ತಿಬಿಟ್ಟಿರಾ!” ಎಂದು ಹಿತ್ತಲಿನಲ್ಲಿ ಉರುಳಿದ್ದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಬೀದಿಯ ಹೆಂಗಸರು ಬಾಯಿಗೆ ಬಂದದ್ದು ಅಂದರು. ಸೊಸೆ ಹೊರಟಳು ಅಂತ ಊರಿಗೇ ಉರಿ ಹಚ್ಚಿದಳು ಮುದುಕಿ ಎಂದು ಒಬ್ಬಳು ಅಂದದ್ದು ಆಟೋದವರೆಗೂ ಕೇಳಿಸಿತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಸುಣ್ಣದ ಬಕೆಟ್ಟಿನ ಪಕ್ಕ ನಿಂತು, “ಇನ್ನೊಂದು ಕೋಟು ಹೊಡಿಯಪ್ಪ,” ಎಂದರು. ನಮ್ಮ ಕಡೆ ನೋಡಲಿಲ್ಲ.

ಹೊಸ ಮನೆಯಲ್ಲಿ ಹಾಲುಕ್ಕಿಸಲು ಇಟ್ಟೆ. ಹಾಲು ಏರಿತು, ನನ್ನ ಕೈ ಹೋಯಿತು, ಉರಿ ಆರಿತು. ನನ್ನ ಗಂಡ ನಕ್ಕರು. “ಉಕ್ಕಿಸೋಕೆ ತಾನೇ ಇಟ್ಟಿದ್ದು?” ಎಂದರು. ಎರಡನೇ ಸಲ ಇಟ್ಟೆ. ಎರಡನೇ ಸಲವೂ ಕೈ ಹೋಯಿತು. ಹೋಗಲಿ ಬಿಡು, ಕಾಫಿ ಮಾಡು ಎಂದರು.

ಅವರು ಪಂಪ್‌ಹೌಸಿಗೆ ಹೋದ ಮೇಲೆ ನಾನು ಅಡುಗೆಮನೆಯ ಬಾಗಿಲು ಮುಚ್ಚಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಚೆನ್ನಾಗಿತ್ತು. ಸೌಟನ್ನು ಸದ್ದು ಮಾಡಿಯೇ ಇಡಬಹುದಿತ್ತು, ಆದರೂ ಸದ್ದಿಲ್ಲದೆಯೇ ಇಡುತ್ತಿದ್ದೆ. ದೂರದಲ್ಲಿ ಪಂಪಿನ ಗುಂಯ್‌ಗುಡುವ ಸದ್ದು. ನನ್ನ ಫೋನು ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿರುತ್ತಿತ್ತು. ಅದನ್ನು ತಿರುಗಿಸಿದರೆ ಪುಟ ತೆರೆಯುತ್ತದೆ ಎಂದು ನನಗೆ ಗೊತ್ತಿತ್ತು, ನೋಡುವವರು ಯಾರೂ ಇರಲಿಲ್ಲ. ನಾನು ತಿರುಗಿಸಲಿಲ್ಲ. ಒಳ್ಳೆಯತನವೆಂದಲ್ಲ. ಇಷ್ಟು ವರ್ಷ ಓದದೆ ಇದ್ದದ್ದನ್ನು ಕದ್ದು ಓದಿದರೆ ಅದು ಕದ್ದ ಹಾಗೆಯೇ ಕಾಣಿಸುತ್ತದೆ ಎನಿಸಿತು.

ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲು ದಾಟಿ ಯಾರೋ ಒಳಗೆ ಬಂದ ಸದ್ದಾಯಿತು. ಬಂದವರು ಅಡುಗೆಮನೆಯ ಬಾಗಿಲು ತಟ್ಟಿದರು. ನಾನು ಕಾಫಿಗೆ ಹಾಲಿಟ್ಟಿದ್ದೆ. ಚಿಲಕ ತೆಗೆದರೆ ಅತ್ತೆ. ಬಿಸಿಲಲ್ಲಿ ನಡೆದು ಬಂದಿದ್ದರು, ಉಸಿರು ಹತ್ತಿತ್ತು. ಒಳಗೆ ಬರುವ ಮೊದಲು ಹೊಸ್ತಿಲ ಆಚೆಯೇ ನಿಂತು, ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಹುರುಳಿಕಾಯಿ ತೆಗೆದು ನನ್ನ ಕೈಗಿಟ್ಟರು.

“ಬರಿಗೈಲಿ ಬರಬಾರದಲ್ಲವ್ವ,” ಎಂದರು.

ಅತ್ತೆ ಮಗನ ಮನೆಗೆ ಬರುವಾಗ ತರುವ ತರಕಾರಿ ಅದಲ್ಲ. ಅದು ಓದುಗರು ತರುವ ತರಕಾರಿ, ಒಂದು ಹಿಡಿ, ಹೊಸ್ತಿಲ ಆಚೆ ನಿಂತು ಕೊಡುವುದು. ನಾನು ಅವರ ಮುಖ ನೋಡಿದೆ.

“ನಿಮಗೆ ಗೊತ್ತಿತ್ತಾ?”

“ಮೊದ್ಲಿಂದ,” ಎಂದು ಒಳಗೆ ಬಂದು ನೆಲದ ಮೇಲೆ ಕೂತರು. “ಒರಳು ನಮ್ಮತ್ತೆ ಕಾಲದ್ದು. ಅಷ್ಟು ವರ್ಷ ಬಾಯಿ ಬಿಡದೇ ಇದ್ದ ಕಲ್ಲು ಆ ವಾರ ಬಾಯಿ ಬಿಡ್ತದಾ? ಆ ವಾರ ನಮ್ಮನೇಗೆ ಹೊಸದಾಗಿ ಬಂದಿದ್ದು ಏನು? ನೀನು. ಎಳೇ ಹುಡುಗಿ, ಜೋರಾಗಿ ಉಸುರು ಬಿಡೋಕೂ ಅಂಜ್ತಿದ್ದೆ. ಇವಳದ್ದು ಅಂತ ಊರಿಗೆ ಗೊತ್ತಾದ್ರೆ ಬಚ್ಚಲುಮನೇಗೂ ಬಿಡಾಕಿಲ್ಲ ಇವಳ್ನ ಅಂದ್ಕೊಂಡೆ. ಕಲ್ಲಿಗೆ ಉಳಿ ಹೊಡೆಸಿದ್ದು ನೆಪಕ್ಕಾಯ್ತು.”

“ಗಡಿಗೆ?”

“ನೀನು ಬಾಣಂತನಕ್ಕೆ ಅಂತ ಹೋದೆ. ಎಷ್ಟು ದಿನ ಸೂತಕ ಅಂತ ಹೇಳ್ಲಿ? ಸಾಯಿಸೋಕೆ ನೆಂಟರು ಬ್ಯಾಡ್ವಾ? ಗಡಿಗೆ ಮೇಲೆ ಹಾಕದೆ ಇನ್ಯಾರ ಮೇಲೆ ಹಾಕ್ಲಿ, ನಿನ್ನ ಮೇಲೆ ಹಾಕ್ಲಾ?” ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ನೀನು ಬಂದ ದಿನ ಒದ್ದೆ ಬಟ್ಟೆ ಹಿಡ್ಕೊಂಡು ಒಳಕ್ಕೂ ಹೊರಕ್ಕೂ ತಿರುಗ್ತಿದ್ದೆಯಲ್ಲ, ಇವಳಿಗೂ ಗೊತ್ತಾಯ್ತು ಅಂತ ಅವತ್ತೇ ತಿಳೀತು. ಗೊತ್ತಾದ ಮೇಲೆ ಬಿಟ್ಟು ಹೋಗ್ತೀಯೇನೋ ಅಂತ ಕಾದೆ. ನೀನು ನೋಡಿದ್ರೆ ನೀರಿಗೂ ಎದ್ದೇಳದೆ ಕೂತುಬಿಟ್ಟೆ. ಅದಕ್ಕೇ ನಾನೇ ಎಬ್ಬಿಸ್ದೆ, ಒರಳ್ನೂ ನಿನ್ನೂ.”

ನಾನು ಹುರುಳಿಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಳ್ಳುತ್ತ ನಿಂತಿದ್ದೆ. “ಬೀದಿಯವರು ನಿಮ್ಮನ್ನ ಏನೇನೋ ಅಂದ್ರು,” ಎಂದೆ.

“ಅನ್ನಲಿ. ನನಗೇನು ಹೆಣ್ಣು ಕೊಡಬೇಕಾ? ಮೇಷ್ಟ್ರು ಬೆಳಗ್ಗಿಂದ ಹಿತ್ತಲಲ್ಲಿ ದಿಕ್ಸೂಚಿ ಹಿಡ್ಕೊಂಡು ಒರಳ ಸುತ್ತ ತಿರುಗ್ತಾ ಅವ್ರೆ. ಆ ದೇವೇಂದ್ರ ಸುಣ್ಣ ಕೆರೆದು ಹಳೇ ಗೋಡೆ ಹುಡುಕ್ತಾ ಅವ್ನೆ.”

“ಪಾಪ ಅಲ್ವಾ ಅತ್ತೆ.”

“ಪಾಪವೇ. ಆ ಜೈಬುನ್ನ ನೋಡಿದ್ರೆ ನನಗೂ ಒಂಥರಾ ಆಯ್ತದೆ. ಬಾಯಿ ಹೊಲ್ಕೊಂಡಿರೋ ಹುಡುಗಿ, ಕರ್ಕೊಂಡು ಬಂದ್ರೆ ಯಾರಿಗೂ ಹೇಳಾಕಿಲ್ಲ. ಆದ್ರೆ ಅದು ನಾನು ಹೇಳೋ ಮಾತಲ್ಲ.” ಅತ್ತೆ ನನ್ನ ಹಿಂದೆ ಅರ್ಧ ತೆರೆದಿದ್ದ ಹಸಿರು ಬಾಗಿಲನ್ನು ನೋಡಿದರು. “ಬಾಗಿಲು ನಿಂದು.”

ನಾನು ಯೋಚಿಸಿದೆ. ಯೋಚಿಸಲು ಇಷ್ಟು ಹೊತ್ತು ತೆಗೆದುಕೊಂಡರೂ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅತ್ತೆ ಕನ್ನಡಕದ ಗಾಜು ಒರೆಸಿಕೊಳ್ಳುತ್ತಿದ್ದರು.

“ಗುರುವಾರ ಬರಲಿ,” ಎಂದೆ. “ಗುರುವಾರ ಮಾತ್ರ. ಮೇಷ್ಟ್ರ ವಿಷಯ ಆಮೇಲೆ ನೋಡೋಣ.”

“ಸರಿ ಬಿಡು. ಬದನೆಕಾಯಿ ತರ್ತಾಳೆ.” ಅತ್ತೆ ಬ್ಲೌಸಿನೊಳಗಿಂದ ತಮ್ಮ ಸಣ್ಣ ಫೋನನ್ನು ತೆಗೆದು, ಕೈ ಚಾಚಿ ದೂರಕ್ಕೆ ಹಿಡಿದರು. ಬೆಳಕು ಅವರ ಗಲ್ಲದ ಮೇಲೆ ಬಿತ್ತು. ಆಗ ನನಗೆ ಹೊಳೆಯಿತು. ಅವರೂ ಇಷ್ಟು ವರ್ಷ ಜಾಗದವರೇ ಆಗಿದ್ದರು. ನನ್ನ ಹಾಗೆಯೇ ಒಂದಕ್ಷರವನ್ನೂ ಓದಿರಲಿಲ್ಲ. ಈಗ ಇದು ಅವರ ಮನೆಯಲ್ಲ.

“ಕೂತ್ಕೋ,” ಎಂದರು. “ಓದ್ತೀನಿ.”

“ಜಾಗದವರು…” ಎಂದೆ.

“ಜಾಗದವರು ಓದಬಾರದು. ಕೇಳಬಾರದು ಅಂತ ಯಾವನು ಹೇಳ್ದೋನು? ಬಾಯಿಬಿಟ್ಟು ಓದಬಾರದು ಅಂತ ಬೇಕಾದ್ರೆ ನನ್ನ ಬೈಲಿ. ಬೈಸ್ಕೊಂಡು ಅಭ್ಯಾಸ ಆಗೈತೆ.” ಗಂಟಲು ಸರಿಮಾಡಿಕೊಂಡರು. ನಾನು ಅವರೆದುರು ನೆಲದ ಮೇಲೆ ಕೂತೆ. ಅವರು ಶಾಲೆಯ ಮಕ್ಕಳ ಹಾಗೆ ಬೆರಳನ್ನು ಸಾಲಿನ ಕೆಳಗಿಟ್ಟುಕೊಂಡು, ಒಂದೊಂದು ಪದವನ್ನೂ ಪೂರ್ತಿ ಹೇಳಿ ಮುಗಿಸಿಯೇ ಮುಂದಿನದಕ್ಕೆ ಹೋಗುತ್ತ ಓದತೊಡಗಿದರು.

“ಇವತ್ತು… ನೋಡಿದ… ಚಿತ್ರದಲ್ಲಿ… ಒಬ್ಬ ಹೆಂಗಸು… ಬಾಗಿಲಿಗೆ… ಬೆನ್ನು ಮಾಡಿ… ಕೂತಿದ್ದಾಳೆ. ಅವಳ… ಮುಖ… ಕಾಣುವುದಿಲ್ಲ. ಏನನ್ನೋ… ಕೇಳಿಸಿಕೊಳ್ಳುತ್ತಿದ್ದಾಳೆ… ಎಂದು… ಅವಳ… ಕತ್ತು… ಹೇಳುತ್ತದೆ.”

ಅತ್ತೆ ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮತ್ತೆ ಬೆರಳಿಟ್ಟರು, ಮುಂದಿನ ಸಾಲಿಗೆ ಹೋದರು. ನನ್ನ ಹಿಂದೆ ಒಲೆಯ ಮೇಲೆ ಸುಂಯ್ ಎಂಬ ಸದ್ದು ಎದ್ದಿತು, ಹಾಲು ಸೀದ ವಾಸನೆ ಅಡುಗೆಮನೆಯ ತುಂಬ ಹರಡಿತು. ಹಾಲು ಉಕ್ಕಿ ಕಟ್ಟೆಯ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿರುವುದು ನನಗೆ ಕೇಳಿಸುತ್ತಿತ್ತು. ಅತ್ತೆ ಓದುತ್ತಲೇ ಇದ್ದರು. ನಾನು ಏಳಲಿಲ್ಲ.